ತಟ್ಟೆ, ಅಣಬೆ, ಗಡಿಗೆ, ಅಗುಳಿ

ಮನೆಬಳಕೆಯ ಸಾಮಾನುಗಳ ಪಟ್ಟಿಯಂತೆ ತೋರುವ ಈ ನಾಲ್ಕು ಹೆಸರುಗಳು ನಿಜವಾಗಿ ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ನೆಲದೊಳಗೆ ಹೂತಿಟ್ಟ ನಾಲ್ಕು ಆಯುಧಗಳ ಹೆಸರುಗಳು. ಶತ್ರುವಿನ ಟ್ಯಾಂಕನ್ನು ತಡೆಯುವುದಕ್ಕಾಗಿ ಅವರು ಮಾಡಿದ ನೆಲಬಾಂಬಿಗೆ ಅವರ ಭಾಷೆಯಲ್ಲಿ ಟೆಲ್ಲರ್‌ಮೀನೆ ಎಂದು ಹೆಸರು. ಟೆಲ್ಲರ್ ಎಂದರೆ ಊಟದ ತಟ್ಟೆ. ಅದೇ ತಟ್ಟೆಯ ಕೊನೆಯ ರೂಪಕ್ಕೆ ಪಿಲ್ಟ್ಸ್, ಅಂದರೆ ಅಣಬೆ, ಎಂಬ ಅಡ್ಡಹೆಸರು. ಮುಂದೆ ಬಂದ ಇನ್ನೊಂದು ಟೋಪ್ಫ್, ಗಡಿಗೆ. ಮತ್ತೊಂದು ರೀಗೆಲ್, ಬಾಗಿಲಿಗೆ ಹಾಕುವ ಅಗುಳಿ. ಹೆಸರಿಟ್ಟವರಿಗೆ ವಿನೋದದ ಉದ್ದೇಶವೇನೂ ಇದ್ದಂತಿಲ್ಲ. ವಸ್ತು ಯಾವ ಆಕಾರದಲ್ಲಿತ್ತೋ ಆ ಆಕಾರದ ಹೆಸರನ್ನು ಕಚೇರಿಯ ಗುಮಾಸ್ತೆಯಂತೆ ಬರೆದುಕೊಂಡರು, ಅಷ್ಟೆ.

ಯುದ್ಧದ ಇತಿಹಾಸವನ್ನು ಓದುವಾಗ ನನಗೆ ಸೇನಾಪತಿಗಳಿಗಿಂತ ಇಂತಹ ಸಾಮಾನುಗಳ ಮೇಲೆ ಕುತೂಹಲ ಹೆಚ್ಚು. ಸೇನಾಪತಿಯಾದವನು ಯುದ್ಧ ಮುಗಿದ ಮೇಲೆ ಆತ್ಮಚರಿತ್ರೆ ಬರೆದು, ತಾನು ಮಾಡಿದ್ದಕ್ಕೆಲ್ಲ ಒಂದೊಂದು ಕಾರಣ ಹೇಳಬಲ್ಲ. ಸಾಮಾನಿಗೆ ಆ ಅನುಕೂಲವಿಲ್ಲ. ಮಾಡಿದವನು ಏನನ್ನು ಬಯಸಿದನೋ ಅದು ಅದರ ಮೈಮೇಲೆ ಕಾಣುವಂತೆ ಉಳಿದುಬಿಡುತ್ತದೆ. ಈ ತಟ್ಟೆಯ ಮೈಮೇಲೆ ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಎರಡು ಗುರುತುಗಳಿವೆ. ಪಕ್ಕದಲ್ಲಿ, ಎತ್ತಿ ಒಯ್ಯಲು ಒಂದು ಹಿಡಿಕೆ. ತಳದಲ್ಲಿ, ಎತ್ತುವವನನ್ನು ಕೊಲ್ಲುವ ಕೀಲನ್ನು ಕೂರಿಸಲು ಒಂದು ತೂತು. ಒಂದೇ ವಸ್ತುವಿನಲ್ಲಿ ಇವೆರಡೂ ಹೇಗೆ ಒಟ್ಟಿಗೆ ಬಂದವು, ಆಮೇಲೆ ಯಾವುದು ಯಾವುದನ್ನು ಗೆದ್ದಿತು ಎಂಬುದೇ ನಾನು ಹೇಳಹೊರಟಿರುವ ಕಥೆ.

ಕಥೆ ಮೊದಲಾಗುವುದು ಟ್ಯಾಂಕಿನಿಂದ. ೧೯೧೬ರ ಸೆಪ್ಟೆಂಬರ್ ೧೫ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ, ಫ್ಲೆರ್ ಎಂಬ ಹಳ್ಳಿಯ ಬಳಿ, ಆಂಗ್ಲರು ಮೊತ್ತಮೊದಲ ಬಾರಿಗೆ ಟ್ಯಾಂಕುಗಳನ್ನು ನುಗ್ಗಿಸಿದರು. ಬಂದೂಕಿನ ಗುಂಡಿಗೆ ಜಗ್ಗದೆ, ಮುಳ್ಳುತಂತಿಯನ್ನು ತುಳಿದುಕೊಂಡು ಬರುವ ಈ ಉಕ್ಕಿನ ಗಾಡಿಯನ್ನು ಕಂಡು ಜರ್ಮನ್ ಸಿಪಾಯಿಗಳು ದಿಗಿಲುಗೊಂಡದ್ದು ಸಹಜ. ಆದರೆ ಟ್ಯಾಂಕಿಗೂ ಬಲಹೀನವಾದ ಭಾಗಗಳುಂಟು. ಅದರ ಹೊಟ್ಟೆಯ ತಗಡು ತೆಳು. ಅದು ನಡೆಯುವುದು ತುಂಡುತುಂಡಾಗಿ ಪೋಣಿಸಿದ ಎರಡು ಉಕ್ಕಿನ ಪಟ್ಟಿಗಳ ಮೇಲೆ. ಒಂದು ಪಟ್ಟಿ ಹರಿದರೆ ಸಾಕು, ಆನೆಯಂತಹ ಯಂತ್ರ ನಿಂತಲ್ಲೇ ನಿಂತು ಫಿರಂಗಿಗೆ ಗುರಿಯಾಗುತ್ತದೆ. ಜರ್ಮನರು ಮೊದಲು ಫಿರಂಗಿಯ ಗುಂಡುಗಳನ್ನೇ ದಾರಿಯಲ್ಲಿ ಹೂತರು. ಆ ಯುದ್ಧ ಮುಗಿಯುವ ಹೊತ್ತಿಗೆ ಸಿಡಿಮದ್ದು ತುಂಬಿದ ಮರದ ಪೆಟ್ಟಿಗೆಗಳನ್ನು ಹೂಳತೊಡಗಿದ್ದರು. ಹೀಗೆ ಟ್ಯಾಂಕಿನ ಬೆನ್ನಿಗೇ ಅದರ ಹಗೆಯೂ ಹುಟ್ಟಿಕೊಂಡಿತು.

ಸೋತ ಜರ್ಮನಿಗೆ ೧೯೧೯ರ ವರ್ಸೇಲ್ಸ್ ಒಪ್ಪಂದ ಹಾಕಿದ ಕಟ್ಟುಗಳಲ್ಲಿ ಎರಡು ಇಲ್ಲಿ ಮುಖ್ಯ. ಅದರ ಸೈನ್ಯ ಒಂದು ಲಕ್ಷ ಮಂದಿಯನ್ನು ಮೀರಬಾರದು; ಅದು ಟ್ಯಾಂಕುಗಳನ್ನು ಇಟ್ಟುಕೊಳ್ಳಬಾರದು. ತನ್ನಲ್ಲಿ ಟ್ಯಾಂಕಿಲ್ಲ, ನೆರೆಯವರಲ್ಲಿ ಉಂಟು ಎಂಬ ಸ್ಥಿತಿಯಲ್ಲಿರುವ ದೇಶ ಅಗ್ಗದ ತಡೆಯೊಂದನ್ನು ಹುಡುಕುವುದರಲ್ಲಿ ಆಶ್ಚರ್ಯವಿಲ್ಲ. ೧೯೨೯ರಲ್ಲಿ ಮೊದಲ ತಟ್ಟೆ ಸಿದ್ಧವಾಯಿತು. ೧೯೩೫ರಲ್ಲಿ ತಿದ್ದಿ ಮಾಡಿದ ಅದರ ರೂಪವೇ ಮುಂದೆ ಮಹಾಯುದ್ಧದಲ್ಲಿ ಹೆಸರಾದದ್ದು.

ಒಂದರ ಮೇಲೊಂದು ಕವುಚಿದ ಎರಡು ಊಟದ ತಟ್ಟೆಗಳನ್ನು ಕಲ್ಪಿಸಿಕೊಂಡರೆ ಅದರ ರೂಪ ಮನಸ್ಸಿಗೆ ಬರುತ್ತದೆ. ಅಡ್ಡಳತೆ ಸುಮಾರು ೩೨ ಸೆಂಟಿಮೀಟರು. ತೂಕ ಸುಮಾರು ೯ ಕಿಲೋ. ಅದರಲ್ಲಿ ಐದೂವರೆ ಕಿಲೋದಷ್ಟು ಟಿ.ಎನ್.ಟಿ. ಎಂಬ ಸಿಡಿಮದ್ದು. ಮೇಲಿನ ಮುಚ್ಚಳ ಬಲವಾದ ಸ್ಪ್ರಿಂಗಿನ ಮೇಲೆ ಕೂತಿರುತ್ತದೆ. ಭಾರ ಬಿದ್ದಾಗ ಮುಚ್ಚಳ ಕುಸಿಯುತ್ತದೆ, ಅದರಡಿಯ ಕೀಲು ತಪ್ಪುತ್ತದೆ, ಮದ್ದು ಸಿಡಿಯುತ್ತದೆ. ಇದಿಷ್ಟೇ ಅದರ ಯಂತ್ರ. ಗಡಿಯಾರ ರಿಪೇರಿ ಮಾಡುವವನಿಗೆ ಇದರಲ್ಲಿ ಬೆರಗಾಗುವಂತಹುದೇನೂ ಕಾಣದು.

ಬೆರಗು ಇರುವುದು ಆ ಸ್ಪ್ರಿಂಗಿನ ಲೆಕ್ಕದಲ್ಲಿ. ಮುಚ್ಚಳ ಕುಸಿಯಬೇಕಾದರೆ ೯೦ರಿಂದ ೧೮೦ ಕಿಲೋವರೆಗೆ ಭಾರ ಬೇಕು. ನಡೆದುಹೋಗುವ ಮನುಷ್ಯನ ಭಾರ ಸಾಮಾನ್ಯವಾಗಿ ಅಷ್ಟಾಗುವುದಿಲ್ಲ. ಕಾಲಾಳು ಅದರ ಮೇಲೆ ಹೆಜ್ಜೆಯಿಟ್ಟು ದಾಟಿಹೋಗಬಹುದು; ಟ್ಯಾಂಕು, ಲಾರಿ ಬಂದರೆ ಅದು ಸಿಡಿಯುತ್ತದೆ. ದಯೆಯಿಂದ ಹೀಗೆ ಮಾಡಿದರೆಂದು ನಾನು ಹೇಳುವುದಿಲ್ಲ. ಒಬ್ಬ ಸಿಪಾಯಿಗಾಗಿ ಐದೂವರೆ ಕಿಲೋ ಮದ್ದನ್ನು ಖರ್ಚುಮಾಡುವುದು ದಂಡವೆಂಬ ಜಮಾಖರ್ಚಿನ ಬುದ್ಧಿ ಅದು. ಆದರೂ ಯಂತ್ರವನ್ನೂ ಮನುಷ್ಯನನ್ನೂ ಬೇರೆಬೇರೆಯಾಗಿ ಎಣಿಸುವ ಒಂದು ವಿವೇಚನೆ, ಎಷ್ಟೇ ಕುರುಡಾದರೂ, ಆ ಸ್ಪ್ರಿಂಗಿನಲ್ಲಿತ್ತೆಂದು ಒಪ್ಪಬೇಕು.

ಹಿಡಿಕೆಯ ಮಾತೂ ಹೀಗೆಯೇ. ನೆಲಬಾಂಬು ಒಂದು ಸಲಕ್ಕೆ ಬಿಸಾಡಿಬಿಡುವ ವಸ್ತುವೆಂದು ಅದನ್ನು ಮಾಡಿದವರು ಎಣಿಸಿರಲಿಲ್ಲ. ಇಂದು ಈ ಬಯಲಿನಲ್ಲಿ ಹೂತದ್ದನ್ನು ನಾಳೆ ಎತ್ತಿ ಮತ್ತೊಂದು ಬಯಲಿಗೆ ಒಯ್ಯಬಹುದು. ಅದಕ್ಕೆಂದೇ ಸಾಲುಸಾಲಾಗಿ ಅಳೆದು ಹೂಳುವ ಕ್ರಮ. ಅದಕ್ಕೆಂದೇ ಎಲ್ಲಿ ಎಷ್ಟು ಎಂದು ಗುರುತುಹಾಕಿದ ನಕ್ಷೆ. ಈ ನಕ್ಷೆಯ ವಿಷಯದಲ್ಲಿ ಜರ್ಮನ್ ಸೈನ್ಯದ ನಿಯಮ ಬಹಳ ಕಟ್ಟುನಿಟ್ಟು. ಆದರೆ ನಾವು ಎತ್ತಬಲ್ಲ ವಸ್ತುವನ್ನು ಶತ್ರುವೂ ಎತ್ತಬಲ್ಲನಲ್ಲವೆ? ಈ ಯೋಚನೆ ಬಂದೊಡನೆ ತಟ್ಟೆಗೆ ಪಕ್ಕದಲ್ಲೊಂದು, ತಳದಲ್ಲೊಂದು ತೂತು ಬಂತು. ಬೇಕೆನಿಸಿದಾಗ ಅಲ್ಲಿ ಎರಡನೆಯ ಕೀಲನ್ನು ಕೂರಿಸಿ ನೆಲಕ್ಕೆ ಬಿಗಿಯಬಹುದು. ತಟ್ಟೆಯನ್ನು ಎತ್ತಿದ ಮರುಕ್ಷಣವೇ ಅದು ಸಿಡಿಯುತ್ತದೆ. ಕೀಲು ಉಳ್ಳ ತಟ್ಟೆ ಯಾವುದು, ಇಲ್ಲದ ತಟ್ಟೆ ಯಾವುದು ಎಂದು ಮೇಲಿನಿಂದ ನೋಡುವವನಿಗೆ ತಿಳಿಯುವುದಿಲ್ಲ. ಆದ್ದರಿಂದ ನೂರರಲ್ಲಿ ಐದಕ್ಕೆ ಕೀಲು ಹಾಕಿದ್ದರೂ, ನೂರನ್ನೂ ಹಾಗೆಯೇ ಇದೆಯೆಂದು ಭಾವಿಸಿ ಮುಟ್ಟಬೇಕಾಗುತ್ತದೆ.

ಈ ತಟ್ಟೆಯ ದೊಡ್ಡ ಪರೀಕ್ಷೆ ನಡೆದದ್ದು ಆಫ್ರಿಕದ ಮರಳುಗಾಡಿನಲ್ಲಿ. ೧೯೪೨ರ ಜೂನಿನಲ್ಲಿ ಜರ್ಮನ್ ಸೇನಾಪತಿ ರೊಮ್ಮೆಲ್ ಟೊಬ್ರೂಕ್ ಕೋಟೆಯನ್ನು ಹಿಡಿದು ಈಜಿಪ್ಟಿನೊಳಕ್ಕೆ ನುಗ್ಗಿದ. ಎಲ್ ಅಲಮೇನ್ ಎಂಬ ಸಣ್ಣ ರೈಲ್ವೆ ನಿಲ್ದಾಣದ ಬಳಿ ಆಂಗ್ಲರು ಅವನನ್ನು ತಡೆದರು. ಉತ್ತರಕ್ಕೆ ಸಮುದ್ರ, ದಕ್ಷಿಣಕ್ಕೆ ಕತ್ತಾರ ಎಂಬ ದಾಟಲಾಗದ ತಗ್ಗು. ನಡುವೆ ಸುಮಾರು ೬೦ ಕಿಲೋಮೀಟರು ಬಯಲು. ಅವನಿಗೆ ಪೆಟ್ರೋಲು ಸಾಲದು, ಟ್ಯಾಂಕು ಸಾಲದು. ಆದ್ದರಿಂದ ಅವನು ನೆಲವನ್ನೇ ಆಯುಧವಾಗಿ ಮಾಡಿಕೊಂಡ. ಆ ಬಯಲಿನಲ್ಲಿ ಸುಮಾರು ೪,೪೫,೦೦೦ ನೆಲಬಾಂಬುಗಳನ್ನು ಹೂಳಿಸಿದ. ಬಹುಪಾಲು ಟ್ಯಾಂಕಿಗೆಂದು ಇಟ್ಟವು. ಅವುಗಳಲ್ಲಿ ಆಂಗ್ಲರಿಂದ ವಶಪಡಿಸಿಕೊಂಡವೂ ಬಹಳ ಇದ್ದವು. ಎತ್ತಿ ಮತ್ತೆ ಹೂಳುವ ವಿದ್ಯೆ ಎರಡು ಪಕ್ಷದವರಿಗೂ ಗೊತ್ತಿತ್ತು. ಈ ಬಯಲುಗಳಿಗೆ ಜರ್ಮನರು ‘ಸೈತಾನನ ತೋಟ’ ಎಂದು ಹೆಸರಿಟ್ಟಿದ್ದರು.

ಅಕ್ಟೋಬರ್ ೨೩ರ ರಾತ್ರಿ ಆರಂಭವಾದ ಆಂಗ್ಲರ ದಾಳಿಗೆ ‘ಲೈಟ್‌ಫುಟ್’ ಎಂದು ಗುಪ್ತನಾಮ. ಹಗುರವಾದ ಹೆಜ್ಜೆ ಎಂದು ಅದರ ಅರ್ಥ. ಮೊದಲು ಕಾಲಾಳುಗಳು ತೋಟವನ್ನು ದಾಟಬೇಕು; ಅವರ ಭಾರಕ್ಕೆ ತಟ್ಟೆ ಸಿಡಿಯುವುದಿಲ್ಲ. ಅವರ ಹಿಂದೆ ಸ್ಯಾಪರುಗಳು ಟ್ಯಾಂಕು ಹೋಗುವಷ್ಟು ಅಗಲದ ಓಣಿಗಳನ್ನು ತೆರೆದು, ಅಂಚಿಗೆ ಬಿಳಿಯ ಪಟ್ಟಿ ಕಟ್ಟಿ, ಮರೆಮಾಡಿದ ದೀಪಗಳನ್ನು ಇಡಬೇಕು. ಜರ್ಮನರ ಸ್ಪ್ರಿಂಗಿನ ಲೆಕ್ಕವನ್ನೇ ಆಂಗ್ಲರು ತಮ್ಮ ಯುದ್ಧಯೋಜನೆಯ ಬುನಾದಿಯಾಗಿ ಮಾಡಿಕೊಂಡಿದ್ದರು. ಆದರೆ ತೋಟದ ನಡುನಡುವೆ ಮನುಷ್ಯನಿಗೆಂದೇ ಇಟ್ಟ ಸಣ್ಣ ಬಾಂಬುಗಳೂ ಇದ್ದವು. ಎಷ್ಟು ಹಗುರವಾದ ಹೆಜ್ಜೆಯೂ ಅವುಗಳಿಗೆ ಸಾಕಾಗುತ್ತಿತ್ತು.

ಸ್ಯಾಪರನ ಕೆಲಸವನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಬೇಕು. ಕತ್ತಲು, ಧೂಳು, ನಾಲ್ಕು ಕಡೆಯಿಂದಲೂ ಗುಂಡಿನ ಸದ್ದು. ಆತ ಮೊಣಕಾಲೂರಿ, ಬಯೊನೆಟ್ಟನ್ನು ಓರೆಯಾಗಿ ಮರಳಿಗೆ ಚುಚ್ಚುತ್ತ ಅಂಗುಲ ಅಂಗುಲವಾಗಿ ಮುಂದೆ ಸರಿಯುತ್ತಾನೆ. ಮೊನೆಗೆ ಏನಾದರೂ ಗಟ್ಟಿಯಾಗಿ ತಗುಲಿದರೆ ಬೆರಳಿನಿಂದ ಮರಳನ್ನು ಸರಿಸುತ್ತಾನೆ. ತಟ್ಟೆ ಸಿಕ್ಕಿದ ಮೇಲೂ ಅವಸರಪಡುವಂತಿಲ್ಲ. ಅದರ ಅಡಿಗೆ ಮೆಲ್ಲನೆ ಕೈ ತೂರಿಸಿ, ಎರಡನೆಯ ಕೀಲು ಉಂಟೇ ಎಂದು ಸವರಿ ನೋಡಬೇಕು. ಆಮೇಲೆಯೇ ಹಿಡಿಕೆಗೆ ಕೈ.

ಈ ಕೆಲಸಕ್ಕೆ ನೆರವಾಗಿ ಬಂದದ್ದು ಯೂಜೆಫ್ ಕೊಸಾಟ್ಸ್ಕಿ ಎಂಬ ಪೋಲೆಂಡಿನ ಸೇನಾಧಿಕಾರಿಯ ಯಂತ್ರ. ತನ್ನ ದೇಶ ಶತ್ರುವಶವಾದ ಮೇಲೆ ಬ್ರಿಟನ್ನನ್ನು ಸೇರಿದ್ದ ಆತ, ನೆಲದಡಿ ಲೋಹವಿದ್ದರೆ ಕಿವಿಗೆ ಸದ್ದು ಕೇಳಿಸುವ ಶೋಧಕವೊಂದನ್ನು ರೂಪಿಸಿದ. ಪೇಟೆಂಟು ಪಡೆಯದೆ ಅದನ್ನು ಬ್ರಿಟಿಷ್ ಸ್ಯನ್ಯಕ್ಕೆ ಬಿಟ್ಟುಕೊಟ್ಟ. ತೂಕ ೧೪ ಕಿಲೋಗಿಂತ ತುಸು ಕಡಿಮೆ. ಒಬ್ಬನೇ ಹೊತ್ತು ನಡೆಯಬಹುದಾಗಿತ್ತು. ಅಲಮೇನಿನ ಕದನಕ್ಕೆ ಇಂತಹ ೫೦೦ ಯಂತ್ರಗಳು ಒದಗಿದವು. ಗಂಟೆಗೆ ಸುಮಾರು ೧೦೦ ಮೀಟರು ಸಾಗುತ್ತಿದ್ದ ಕೆಲಸ ೨೦೦ ಮೀಟರಿಗೆ ಏರಿತೆಂದು ಹೇಳುತ್ತಾರೆ. ಮುಂದುಗಡೆ ಸರಪಳಿಗಳನ್ನು ಗಿರಗಿರನೆ ತಿರುಗಿಸಿ ನೆಲವನ್ನು ಬಡಿಯುತ್ತ ಸಾಗುವ ‘ಸ್ಕಾರ್ಪಿಯನ್’ ಎಂಬ ಟ್ಯಾಂಕುಗಳೂ ಇದ್ದವು. ಇಷ್ಟೆಲ್ಲ ಇದ್ದರೂ ಬೆಳಗಾಗುವುದರೊಳಗೆ ಆಂಗ್ಲರ ಟ್ಯಾಂಕುಗಳು ತೋಟವನ್ನು ದಾಟಿ ಹೊರಬರಲಾಗಲಿಲ್ಲ. ಕದನ ನವೆಂಬರ್ ತಿಂಗಳವರೆಗೆ ಎಳೆಯಿತು. ಕೊನೆಗೆ ಓಣಿಗಳು ತೆರೆದವು. ರೊಮ್ಮೆಲ್ ಹಿಂದೆ ಸರಿದ.

ಸ್ಯಾಪರುಗಳ ಮಾತು ಬಂದಾಗ ಬೆಂಗಳೂರಿನವರು ನೆನೆಯಬೇಕಾದ ಎರಡು ಸಂಗತಿಗಳಿವೆ. ಹಲಸೂರು ಕೆರೆಯ ಬಳಿ ನೆಲೆಯಿರುವ ಮದರಾಸು ಸ್ಯಾಪರುಗಳ ದಳದಲ್ಲಿ, ೧೯೧೨ರಲ್ಲಿ, ಕ್ಯಾಪ್ಟನ್ ಮೆಕ್ಲಿಂಟಾಕ್ ಎಂಬಾತ ಒಂದು ಸಾಧನವನ್ನು ಕಂಡುಹಿಡಿದ. ಕೊಳವೆಗಳಲ್ಲಿ ಸಿಡಿಮದ್ದು ತುಂಬಿ, ತುಂಡಿಗೆ ತುಂಡು ಜೋಡಿಸಿ, ಮುಳ್ಳುತಂತಿಯ ಕೆಳಗೆ ದೂರದಿಂದಲೇ ತಳ್ಳಿ ಸಿಡಿಸುವ ಉಪಾಯ ಅದು. ‘ಬ್ಯಾಂಗಲೂರ್ ಟಾರ್ಪೀಡೊ’ ಎಂದು ನಮ್ಮ ಊರಿನ ಹೆಸರನ್ನೇ ಹೊತ್ತು ೧೯೪೪ರಲ್ಲಿ ನಾರ್ಮಂಡಿಯ ಕಡಲದಂಡೆಗೂ ಹೋಯಿತು. ನೆಲಬಾಂಬುಗಳ ನಡುವೆ ದಾರಿ ಬಿಡಿಸಲೂ ಬಳಕೆಯಾಯಿತು. ಎರಡನೆಯ ಸಂಗತಿ, ಅದೇ ದಳದ ಸುಬೇದಾರ್ ಸುಬ್ರಮಣ್ಯನ್ ಅವರದು. ೧೯೪೪ರ ಫೆಬ್ರವರಿ ೨೪ರಂದು ಇಟಲಿಯ ಮಿನ್ಯಾನೊ ಎಂಬಲ್ಲಿ, ನೆಲಬಾಂಬೊಂದು ಇನ್ನೇನು ಸಿಡಿಯುವುದೆಂದು ತಿಳಿದೊಡನೆ, ಜೊತೆಯವರನ್ನು ಉಳಿಸುವುದಕ್ಕಾಗಿ ಅವರು ಅದರ ಮೇಲೆ ತಾವೇ ಬಿದ್ದು ಪ್ರಾಣಬಿಟ್ಟರು. ಮರಣೋತ್ತರವಾಗಿ ಅವರಿಗೆ ಜಾರ್ಜ್ ಕ್ರಾಸ್ ಪದಕ ದೊರೆಯಿತು.

ಹುಡುಕುವವರು ಹೀಗೆ ಚುರುಕಾದಂತೆ ಹೂಳುವವರೂ ಸುಮ್ಮನಿರಲಿಲ್ಲ. ಆಕಾರವನ್ನು ಬದಲಾಯಿಸಿದ್ದು ಅವರ ಮೊದಲ ಉತ್ತರ. ದೂರದಲ್ಲಿ ಮದ್ದು ಸಿಡಿಸಿ ಅದರ ಹೊಡೆತದಿಂದಲೇ ನೆಲಬಾಂಬನ್ನು ಹಾರಿಸುವ ಉಪಾಯಕ್ಕೆ ಹಳೆಯ ತಟ್ಟೆಯ ಅಗಲವಾದ ಮುಚ್ಚಳ ಸುಲಭವಾಗಿ ಬಲಿಯಾಗುತ್ತಿತ್ತು. ೧೯೪೨ರ ತಟ್ಟೆಯಲ್ಲಿ ಮುಚ್ಚಳವನ್ನು ಕಿರಿದು ಮಾಡಿ ನಡುವೆ ಕೂರಿಸಿದರು. ೧೯೪೩ರಲ್ಲಿ ಮಾಡುವ ಕೆಲಸವನ್ನು ಇನ್ನೂ ಸರಳಗೊಳಿಸಿ, ಮೇಲೆ ಟೋಪಿಯಂತೆ ಮುಚ್ಚಳವಿಟ್ಟರು, ಅದೇ ಅಣಬೆ. ಯುದ್ಧ ಮುಗಿಯುವುದರೊಳಗೆ ಅಣಬೆಯೊಂದನ್ನೇ ೩೬ ಲಕ್ಷಕ್ಕೂ ಹೆಚ್ಚಾಗಿ ತಯಾರಿಸಿದರು.

ಎರಡನೆಯ ಉತ್ತರ ಇದಕ್ಕಿಂತ ಆಳವಾದದ್ದು. ಶೋಧಕ ಹುಡುಕುವುದು ಲೋಹವನ್ನು, ಲೋಹವೇ ಇಲ್ಲದಿದ್ದರೆ? ಯುದ್ಧ ಬೆಳೆದಂತೆ ಜರ್ಮನಿಯಲ್ಲಿ ಲೋಹಕ್ಕೆ ಬರವೂ ಬಂದಿತ್ತು. ಹೀಗೆ ಬಡತನವೂ ಜಾಣತನವೂ ಕೂಡಿ ಮತ್ತೆ ಮರದ ಪೆಟ್ಟಿಗೆಯ ಬಾಂಬುಗಳು ಬಂದವು. ಅನಂತರ ಬಂದದ್ದು ಗಡಿಗೆ. ಅದರ ಮೈ, ಮರದ ತಿರುಳನ್ನು ಡಾಂಬರಿನೊಡನೆ ಸೇರಿಸಿ ಒತ್ತಿ ಮಾಡಿದ ರಟ್ಟಿನಂತಹ ಪದಾರ್ಥ. ಅದರ ಕೀಲು ಗಾಜಿನದು. ಕೊಸಾಟ್ಸ್ಕಿಯ ಯಂತ್ರ ಅದರ ಮೇಲೆ ಹಾದುಹೋದರೆ ಕಿವಿಗೆ ಏನೂ ಕೇಳಿಸುವುದಿಲ್ಲ.

ಇಲ್ಲಿ ಜರ್ಮನರಿಗೇ ಒಂದು ತೊಡಕು ಎದುರಾಯಿತು. ಶತ್ರುವಿಗೆ ಕಾಣದ ಗಡಿಗೆ ತಮಗಾದರೂ ಹೇಗೆ ಕಂಡೀತು? ಹೂತವರು ಬೇರೆ ಕಡೆಗೆ ಹೋಗಿರುತ್ತಾರೆ, ನಕ್ಷೆ ಕಳೆದಿರುತ್ತದೆ, ತಮ್ಮ ಸೈನ್ಯವೇ ಅದೇ ದಾರಿಯಲ್ಲಿ ಬರಬೇಕಾಗುತ್ತದೆ. ಅದಕ್ಕಾಗಿ ಅವರು ಗಡಿಗೆಯ ಮೈಗೆ ವಿಕಿರಣ ಸೂಸುವ ಕಪ್ಪು ಮರಳಿನಂತಹ ಲೇಪವೊಂದನ್ನು ಬಳಿದು, ಅದನ್ನು ಗುರುತಿಸುವ ಬೇರೊಂದು ಯಂತ್ರವನ್ನು ತಮ್ಮವರಿಗೆ ಕೊಟ್ಟರು. ಯುದ್ಧ ಮುಗಿಯುವವರೆಗೆ ಈ ಗುಟ್ಟು ಎದುರು ಪಕ್ಷದವರಿಗೆ ಗೊತ್ತಾಗಲಿಲ್ಲ. ನನಗೆ ಈ ಕಪ್ಪು ಮರಳು ಆ ಹಳೆಯ ಹಿಡಿಕೆಯ ಕೊನೆಯ ವಂಶಜನಂತೆ ತೋರುತ್ತದೆ. ಇಟ್ಟದ್ದನ್ನು ಒಂದು ದಿನ ತೆಗೆಯಬೇಕಾದೀತು ಎಂಬ ನೆನಪು ಅಲ್ಲಿಯವರೆಗೂ ಪೂರ್ತಿ ಅಳಿಸಿರಲಿಲ್ಲ.

ಅಗುಳಿಯಲ್ಲಿ ಆ ನೆನಪೂ ಮಸುಕಾಯಿತು. ದುಂಡನೆಯ ತಟ್ಟೆ ಕಾಯುವ ಜಾಗ ಒಂದು ಅಡಿಯಷ್ಟು. ಟ್ಯಾಂಕಿನ ಪಟ್ಟಿ ಎರಡು ತಟ್ಟೆಗಳ ನಡುವೆ ನುಸುಳಿಕೊಂಡು ಹೋಗಬಹುದು. ಸುಮಾರು ೮೦ ಸೆಂಟಿಮೀಟರು ಉದ್ದದ ಉಕ್ಕಿನ ಪೆಟ್ಟಿಗೆಯಲ್ಲಿ ೪ ಕಿಲೋ ಮದ್ದು ತುಂಬಿ ದಾರಿಗೆ ಅಡ್ಡಲಾಗಿ ಹೂತರೆ, ಕಡಿಮೆ ಬಾಂಬುಗಳಿಂದ ಹೆಚ್ಚು ನೆಲವನ್ನು ಕಾಯಬಹುದು. ೧೯೪೩ರಲ್ಲಿ ಬಂದ ಅಗುಳಿಯ ತತ್ತ್ವ ಇದು. ಒಳಗೆ ಮುಚ್ಚಳವನ್ನು ಹಿಡಿದು ನಿಲ್ಲಿಸಿರುವುದು ತೆಳುವಾದ ತಂತಿಗಳು. ಕೆಲವು ಕಾಲ ನೆಲದಲ್ಲಿದ್ದ ಮೇಲೆ ಆ ತಂತಿಗಳಿಗೆ ತುಕ್ಕು ಹಿಡಿಯುತ್ತದೆ. ಎಷ್ಟು ಭಾರಕ್ಕೆ ಅವು ಹರಿಯುವುವೆಂದು ಆಮೇಲೆ ಯಾರೂ ಹೇಳಲಾರರು. ಅದನ್ನು ಬಿಚ್ಚುವ ಸಾಹಸಕ್ಕೆ ಹೋಗದೆ, ಇದ್ದಲ್ಲಿಯೇ ಸಿಡಿಸುವುದು ಮೇಲೆಂದು ತೆಗೆಯುವವರು ಕಂಡುಕೊಂಡರು. ಯಂತ್ರವನ್ನೂ ಮನುಷ್ಯನನ್ನೂ ಬೇರೆಬೇರೆಯಾಗಿ ಎಣಿಸುತ್ತಿದ್ದ ಆ ಹಳೆಯ ಲೆಕ್ಕವೂ ತುಕ್ಕಿನಲ್ಲಿ ಕರಗಿಹೋಯಿತು.

೧೯೪೫ರ ಮೇ ತಿಂಗಳಲ್ಲಿ ಯೂರೋಪಿನ ಯುದ್ಧ ಮುಗಿಯಿತು. ಹೂತ ಬಾಂಬುಗಳಿಗೆ ಆ ಸುದ್ದಿ ತಲುಪಲಿಲ್ಲ. ಡೆನ್ಮಾರ್ಕಿನ ಪಶ್ಚಿಮ ಕರಾವಳಿಯಲ್ಲಿ ಜರ್ಮನರು ಎಲ್ಲ ಜಾತಿಯ ನೆಲಬಾಂಬುಗಳನ್ನೂ ದಟ್ಟವಾಗಿ ಹೂತಿದ್ದರು. ಅವುಗಳನ್ನು ತೆಗೆಯುವ ಕೆಲಸ ಅಲ್ಲಿ ಸೆರೆಸಿಕ್ಕ ಜರ್ಮನ್ ಸಿಪಾಯಿಗಳ ಪಾಲಿಗೇ ಬಂತು. ಕೆಲವೇ ತಿಂಗಳುಗಳಲ್ಲಿ ಅವರು ಸುಮಾರು ೧೪ ಲಕ್ಷ ಬಾಂಬುಗಳನ್ನು ತೆಗೆದರು. ನೂರಾರು ಮಂದಿ ಸತ್ತರು ಅಥವಾ ಗಾಯಗೊಂಡರು. ಇಪ್ಪತ್ತು ವರ್ಷ ತುಂಬದವರೂ ಅವರಲ್ಲಿದ್ದರು. ತಳದ ತೂತಿನಲ್ಲಿ ಕೂರಿಸುವ ಕೀಲನ್ನು ಕಲ್ಪಿಸಿದವನು ಅದು ಶತ್ರುವಿನ ಕೈಯನ್ನು ಕಾಯುವುದೆಂದು ಎಣಿಸಿದ್ದ. ಅದರ ಅಡಿಗೆ ಕೊನೆಗೆ ಕೈ ತೂರಿಸಬೇಕಾದವರು ಅವನ ಊರಿನ ಹುಡುಗರು. ಇಷ್ಟಾದ ಮೇಲೂ ಆ ಕರಾವಳಿಯ ಸ್ಕಾಲಿಂಗೆನ್ ಎಂಬ ಭೂಶಿರ ಪೂರ್ತಿ ನಿರ್ಭಯವೆಂದು ಸಾರಲು ೨೦೧೨ರವರೆಗೆ ಕಾಯಬೇಕಾಯಿತು. ಯುದ್ಧಕಾಲದಲ್ಲಿ ಹೂತದ್ದನ್ನು ತೆಗೆಯಲು ೬೭ ವರ್ಷ!

ಡೆನ್ಮಾರ್ಕಿನಂತೆ ಹಣವೂ ಶಿಸ್ತೂ ಉಳ್ಳ ದೇಶದ ಪಾಡು ಇದಾದರೆ ಅಲಮೇನಿನ ಮರಳುಗಾಡಿನದನ್ನು ಕೇಳುವುದೇ ಬೇಡ. ಎರಡು ಪಕ್ಷದವರೂ ಬಿಟ್ಟುಹೋದ ನೆಲಬಾಂಬುಗಳೂ ಸಿಡಿಯದ ಗುಂಡುಗಳೂ ಸೇರಿ ಸುಮಾರು ೧ ಕೋಟಿ ೭೦ ಲಕ್ಷ ಅಲ್ಲಿ ಉಳಿದಿದ್ದುವೆಂದು ಈಜಿಪ್ಟಿನ ಸರ್ಕಾರ ಲೆಕ್ಕ ಕೊಟ್ಟಿತು. ಆ ಯುದ್ಧ ಈಜಿಪ್ಟಿನವರದಲ್ಲ. ಕುರಿ ಮೇಯಿಸುತ್ತ ಅಲೆಯುವ ಬೆದೂಯಿನ್ ಜನರದಂತೂ ಖಂಡಿತ ಅಲ್ಲ. ಆದರೆ ಗಾಳಿಗೆ ಸರಿಯುವ ಮರಳು ನಕ್ಷೆಗಳನ್ನು ಸುಳ್ಳು ಮಾಡಿತು. ನಷ್ಟ ಅವರ ಪಾಲಿಗೆ ಬಂತು.

ಇನ್ನು ಕಾನೂನಿನ ಮಾತು. ೧೯೪೯ರ ಜಿನೀವಾ ಒಪ್ಪಂದ ನೆಲಬಾಂಬು ತೆಗೆಯುವುದನ್ನು ಅಪಾಯದ ಕೆಲಸವೆಂದು ಹೆಸರಿಸಿ, ಯುದ್ಧಕೈದಿ ತಾನಾಗಿ ಒಪ್ಪದ ಹೊರತು ಅವನಿಂದ ಮಾಡಿಸಬಾರದೆಂದು ವಿಧಿಸಿತು. ೧೯೯೭ರ ಒಟ್ಟಾವ ಒಪ್ಪಂದ ಮನುಷ್ಯನಿಗೆಂದು ಇಡುವ ನೆಲಬಾಂಬನ್ನು ನಿಷೇಧಿಸಿತು. ಅದಕ್ಕೆ ನೂರಕ್ಕೂ ಹೆಚ್ಚು ದೇಶಗಳು ಸಹಿ ಹಾಕಿದವು, ಭಾರತ ಹಾಕಲಿಲ್ಲ. ಆ ಒಪ್ಪಂದವನ್ನು ಓದಿದಾಗ ನನ್ನ ಕಣ್ಣು ನಿಂತದ್ದು ಅದರ ಒಂದು ವಾಕ್ಯದಲ್ಲಿ. ವಾಹನಕ್ಕೆಂದು ಮಾಡಿದ ನೆಲಬಾಂಬಿಗೆ, ಎತ್ತುವವನನ್ನು ಕೊಲ್ಲುವ ಕೀಲು ಇದ್ದರೂ, ಅದನ್ನು ಮನುಷ್ಯನಿಗಿಟ್ಟ ಬಾಂಬೆಂದು ಪರಿಗಣಿಸತಕ್ಕದ್ದಲ್ಲ ಎಂದು ಅದರ ಭಾವ. ಮನುಷ್ಯನಿಗಿಡುವ ಬಾಂಬು ಶೋಧಕಕ್ಕೆ ಕಾಣುವಂತೆ ಇರಬೇಕೆಂದು ೧೯೯೬ರ ಇನ್ನೊಂದು ಕರಾರು ಕಡ್ಡಾಯ ಮಾಡಿತು. ವಾಹನದ ಬಾಂಬಿಗೆ ಆ ಕಡ್ಡಾಯವಿಲ್ಲ. ಅಂದರೆ ತಟ್ಟೆಯ ತಳದ ತೂತಿಗೂ ಗಡಿಗೆಯ ರಟ್ಟಿನ ಮೈಗೂ ಕಾನೂನಿನಲ್ಲಿ ಇನ್ನೂ ಜಾಗವಿದೆ.

ಇದು ಹಳೆಯ ಕಥೆಯೆಂದು ಪುಸ್ತಕ ಮುಚ್ಚಿಡುವಂತಿಲ್ಲ. ೨೦೨೨ರಲ್ಲಿ ಉಕ್ರೇನಿನ ಮೇಲೆ ರಷ್ಯದ ದಾಳಿ ಆರಂಭವಾದ ಮೇಲೆ ಅಲ್ಲಿಯ ಗೋಧಿಯ ಹೊಲಗಳಲ್ಲಿ ಇಂತಹವೇ ದುಂಡನೆಯ ಬಾಂಬುಗಳು ರಾಶಿರಾಶಿಯಾಗಿ ಬಿದ್ದವು. ಟ್ಯಾಂಕಿನ ಭಾರಕ್ಕೂ ರೈತನ ಟ್ರ್ಯಾಕ್ಟರಿನ ಭಾರಕ್ಕೂ ವ್ಯತ್ಯಾಸ ತಿಳಿಯುವ ಸ್ಪ್ರಿಂಗನ್ನು ಈವರೆಗೆ ಯಾರೂ ಮಾಡಿಲ್ಲ.

ಆಯುಧಗಳೆಲ್ಲ ಒಂದು ದಿನ ಇಲ್ಲವಾಗುತ್ತವೆ ಎಂದು ನಂಬುವಷ್ಟು ಭೋಳೆತನ ನನಗಿಲ್ಲ. ದೇಶಗಳು ಗಡಿಯನ್ನು ಕಾಯುತ್ತವೆ. ಕಾಯುವವರು ಟ್ಯಾಂಕಿಗೆ ತಡೆ ಹುಡುಕುತ್ತಾರೆ. ಆದರೆ ಅವರನ್ನು ಕೇಳಬಹುದಾದ ಸಣ್ಣ ಮಾತೊಂದುಂಟು, ಅದನ್ನು ಕಾನೂನೇ ಕೇಳಬೇಕು. ಹೂಳುವ ಬಾಂಬು ಹುಡುಕಿದರೆ ಸಿಕ್ಕುವಂತಿರಲಿ. ಸಿಕ್ಕಿದ ಮೇಲೆ ಎತ್ತುವಂತಿರಲಿ. ೧೯೩೫ರ ಆ ತಟ್ಟೆಯನ್ನು ಮಾಡಿದವರೇನೂ ಸಾಧುಗಳಲ್ಲ. ಆದರೂ ಇಟ್ಟದ್ದನ್ನು ಒಂದು ದಿನ ತೆಗೆಯಬೇಕಾಗುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಅದಕ್ಕೆ ಅವರು ಹಿಡಿಕೆ ಹಾಕಿದ್ದರು.